ಕೆಂಚ ಹೋದ ಶನಿವಾರ

ನಾಯಿ ಯಾವ ಜಾತಿಯದು ಎಂದು ಖುರಾನಾ ಕೇಳಿದಾಗ ಏಕನಾಥ ಒಂದು ಕ್ಷಣವೂ ಯೋಚಿಸದೆ ಲ್ಯಾಬ್ರಡಾರ್ ಎಂದುಬಿಟ್ಟ. ಮಯೂರ್ ವಿಹಾರದಿಂದ ಸರ್ಕಾರಿ ಭವನಗಳ ಕಡೆಗೆ ಹೋಗುವ ಚಾರ್ಟರ್ಡ್ ಬಸ್ಸು, ಮೆಟ್ರೋ ಕಂಬಗಳಿಗೆಂದು ಅಗೆದ ಗುಂಡಿಗಳನ್ನೂ ತಗಡಿನ ಬೇಲಿಗಳನ್ನೂ ದಾಟಿ, ಆಗತಾನೆ ಯಮುನೆಯ ಸೇತುವೆ ಹತ್ತಿತ್ತು. ಹಿಂದಿನ ಸೀಟುಗಳಲ್ಲಿ ಎಂದಿನ ನಾಲ್ವರು ಮೊಣಕಾಲುಗಳ ಮೇಲೆ ಬ್ರೀಫ್‌ಕೇಸನ್ನು ಅಡ್ಡ ಇಟ್ಟುಕೊಂಡು ಇಸ್ಪೀಟು ಆಡುತ್ತಿದ್ದರು. ಎಂಟು ವರ್ಷಗಳಿಂದ ಪಕ್ಕದಲ್ಲೇ ಕೂತು ಬರುವ ಖುರಾನಾನಿಗೆ ಏನನ್ನೂ ಹೇಳಬಾರದೆಂದು ಅವನು ಸೋಮವಾರವೇ ನಿಶ್ಚಯಿಸಿದ್ದ. ಗುರುವಾರದ ಹೊತ್ತಿಗೆ ಆ ನಿಶ್ಚಯ ಸವೆದುಹೋಗಿತ್ತು. ‘ನಾಲ್ಕು ದಿನದಿಂದ ನೋಡ್ತಾ ಇದೀನಿ, ಮುಖ ಹೀಗೆ ಬಾಡಿದೆ. ಘರ್ ಪೆ ಸಬ್ ಠೀಕ್ ತೋ ಹೈ?’ ಎಂದು ಖುರಾನಾ ಕೇಳಿದ್ದೇ ತಡ, ‘ಹಮಾರಾ ಕುತ್ತಾ...’ ಎಂದು ಶುರುಮಾಡಿ ನಿಂತುಬಿಟ್ಟಿದ್ದ. ಗುಜರ್ ಗಯಾ ಎನ್ನಬೇಕೋ ಮರ್ ಗಯಾ ಎನ್ನಬೇಕೋ? ದೆಹಲಿಗೆ ಬಂದು ಇಪ್ಪತ್ತೊಂಬತ್ತು ವರ್ಷವಾದರೂ ನಾಯಿ ಸತ್ತರೆ ಹಿಂದಿಯಲ್ಲಿ ಹೇಗೆ ಹೇಳುತ್ತಾರೆಂದು ಅವನಿಗೆ ಗೊತ್ತಿರಲಿಲ್ಲ. ಮನುಷ್ಯರು ತೀರಿಕೊಂಡಾಗ ಹೇಳುವ ಹಾಗೆ ಗುಜರ್ ಗಯಾ ಎಂದ. ‘ಹಮಾರಾ’ ಎಂಬ ಮಾತಿಗೆ ಗಂಭೀರವಾಗತೊಡಗಿದ್ದ ಖುರಾನಾನ ಮುಖ ‘ಕುತ್ತಾ’ ಕಿವಿಗೆ ಬಿದ್ದೊಡನೆ ಸಡಿಲಾದದ್ದನ್ನು ಏಕನಾಥ ಕಂಡ. ಅರೆರೆ, ಕೌನ್ಸಾ ಬ್ರೀಡ್ ಥಾ? ಲ್ಯಾಬ್ರಡಾರ್ ಎಂದ ಮೇಲೆ ಆ ಮುಖ ಮತ್ತೆ ಸ್ವಲ್ಪ ಬಿಗಿಯಾಯಿತು. ಲ್ಯಾಬ್ರಡಾರಿಗೆ ಸಲ್ಲಬೇಕಾದ ಮರ್ಯಾದೆಯನ್ನು ಖುರಾನಾ ಸಲ್ಲಿಸಿದ. ಬಹಳ ಪ್ರೀತಿಯ ಪ್ರಾಣಿ, ಮನುಷ್ಯರಿಗಿಂತ ಮೇಲು ಎಂದ. ನೋಯ್ಡಾದಲ್ಲಿ ತನ್ನ ಭಾವಮೈದುನನ ಹತ್ತಿರ ಮರಿಗಳಿವೆ, ಅಪ್ಪಟ ತಳಿ, ಹೂಂ ಅಂದರೆ ಭಾನುವಾರವೇ ತಂದುಕೊಡುತ್ತಾನೆ ಎಂದ.

ಏಕನಾಥ ಕಿಟಕಿಯ ಕಡೆ ತಿರುಗಿಕೊಂಡ. ಕೆಳಗೆ ಯಮುನೆ ಕಪ್ಪಗೆ, ಅಲ್ಲಲ್ಲಿ ನೊರೆಗಟ್ಟಿಕೊಂಡು ನಿಂತಿತ್ತು. ಕೆಂಚನಿಗೆ ಯಾವ ಜಾತಿಯೂ ಇರಲಿಲ್ಲ. ಹದಿಮೂರು ವರ್ಷದ ಹಿಂದೆ ತಮ್ಮ ಫ್ಲ್ಯಾಟುಗಳ ಸೊಸೈಟಿಯ ಹಿಂದೆ ಬಿದ್ದಿದ್ದ ಸಿಮೆಂಟ್ ಪೈಪಿನೊಳಗಿಂದ ಮಗಳು ಅಮಿತಾ ತನ್ನ ಸ್ಕೂಲಿನ ಸ್ವೆಟರಿನಲ್ಲಿ ಸುತ್ತಿಕೊಂಡು ತಂದ ಬೀದಿಮರಿ. ಅವಳಿಗೆ ಆಗ ಹನ್ನೊಂದು. ಮೈಬಣ್ಣ ನೋಡಿ ಕೆಂಚ ಎಂದು ಹೆಸರಿಟ್ಟವನು ಏಕನಾಥನೇ. ಸೊಸೈಟಿಯ ಮಕ್ಕಳ ಬಾಯಲ್ಲಿ ಅದು ಕಂಚಾ ಆಯಿತು. ಅವರ ಭಾಷೆಯಲ್ಲಿ ಹಾಗೆಂದರೆ ಗೋಲಿ. ಒಂದು ಕಿವಿಯ ತುದಿ ಯಾವುದೋ ಜಗಳದಲ್ಲಿ ಹರಿದುಹೋಗಿತ್ತು. ಬೆಳಿಗ್ಗೆ ವಾಕಿಂಗಿನಲ್ಲಿ ಜರ್ಮನ್ ಶೆಫರ್ಡ್, ಪೊಮೆರೇನಿಯನ್ ಹಿಡಿದು ಬರುವವರು ತಮ್ಮ ನಾಯಿಯ ಸರಪಳಿಯನ್ನು ತುಸು ಗಿಡ್ಡ ಮಾಡಿಕೊಂಡು ಪಕ್ಕಕ್ಕೆ ಸರಿಯುತ್ತಿದ್ದಾಗ ಏಕನಾಥ ಬೇಕೆಂದೇ ಗಟ್ಟಿಯಾಗಿ, ಬಾರೋ ಕೆಂಚಾ, ನಮಗ್ಯಾಕೆ ದೊಡ್ಡವರ ಸಹವಾಸ ಎಂದು ಕನ್ನಡದಲ್ಲಿ ಹೇಳಿ ಒಳಗೊಳಗೇ ಬೀಗುತ್ತಿದ್ದ. ಈಗ ಸತ್ತು ಐದು ದಿನವಾಗಿಲ್ಲ, ಒಬ್ಬ ಖುರಾನಾನ ಮುಖಕ್ಕೆ ಹೆದರಿ ಅವನನ್ನು ಲ್ಯಾಬ್ರಡಾರ್ ಮಾಡಿದ್ದ. ಸರಿಮಾಡಬಹುದಿತ್ತು. ಬಸ್ಸು ಇಳಿಯಲು ಇನ್ನೂ ಇಪ್ಪತ್ತು ನಿಮಿಷವಿತ್ತು. ಖುರಾನಾಜೀ, ಅದು ಬೀದಿನಾಯಿ ಎಂದರೆ ಮುಗಿಯುತ್ತಿತ್ತು. ಹೇಳಲಿಲ್ಲ. ಇದಕ್ಕಿಂತ ದೊಡ್ಡದನ್ನೇ ಹೇಳದೆ ಇಟ್ಟುಕೊಂಡವನಿಗೆ ಇದೇನು ಎಂದು ಮನಸ್ಸಿನ ಒಂದು ಮೂಲೆ ತಣ್ಣಗೆ ಹೇಳಿತು.

ದೊಡ್ಡದು ಅವತ್ತು ಬೆಳಿಗ್ಗೆಯೂ ಮನೆಯಲ್ಲಿ ಅವನೆದುರೇ ಸುಳಿದಾಡಿತ್ತು. ಅವನು ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತು ಬೂಟಿನ ಲೇಸು ಕಟ್ಟುತ್ತಿದ್ದಾಗ ಹೆಂಡತಿ ವೈಜಯಂತಿ ಹಾವೇರಿಯಲ್ಲಿದ್ದ ತನ್ನ ಅಕ್ಕ ಅಹಲ್ಯಾಳ ಜೊತೆ ಫೋನಿನಲ್ಲಿದ್ದಳು. ‘ನೋವೇನೂ ಆಗಲಿಲ್ಲ ಅಕ್ಕಾ. ಇವರ ತೊಡೆ ಮೇಲೇ ತಲೆ ಇಟ್ಕೊಂಡಿದ್ದನಂತೆ. ಹಾಗೇ ನಿದ್ದೆಗೆ ಜಾರಿದ ಹಾಗೆ ಹೋದನಂತೆ. ಅಷ್ಟಾದರೂ ಪುಣ್ಯ ಮಾಡಿದ್ದ.’ ಲೇಸು ಗಂಟಾಯಿತು. ಅದನ್ನು ಬಿಚ್ಚಲು ಬಗ್ಗಿದವನು ಅವಳು ಫೋನ್ ಇಡುವವರೆಗೂ ತಲೆ ಎತ್ತಲಿಲ್ಲ. ಈ ಮಾತನ್ನು ಅವಳು ಕೆಳಗಿನ ಮನೆಯ ಬಂಗಾಳಿ ಹೆಂಗಸಿಗೆ ತನ್ನ ಮುರುಕು ಹಿಂದಿಯಲ್ಲಿ ಹೇಳಿದ್ದಳು, ಗುಡಗಾಂವಿನ ಪೀಜಿಯಲ್ಲಿರುವ ಅಮಿತಾಳಿಗೆ ಎರಡು ಸಲ ಹೇಳಿದ್ದಳು, ಹಾಲಿನವನಿಗೂ ಹೇಳಿದ್ದಳು. ಪ್ರತಿ ಸಲ ಹೇಳಿದಾಗಲೂ ಆ ಮಾತು ಇನ್ನಷ್ಟು ನುಣುಪಾಗುತ್ತಿತ್ತು. ಮೊದಲ ದಿನ ಬರೀ ತೊಡೆ ಇತ್ತು. ಆಮೇಲೆ, ಇವರು ತಲೆ ಸವರುತ್ತಿದ್ದರಂತೆ ಎಂಬುದು ಸೇರಿಕೊಂಡಿತು. ಅದನ್ನು ಅವನು ಹೇಳಿರಲಿಲ್ಲ. ಅಲ್ಲ ಎಂದೂ ಹೇಳಲಿಲ್ಲ.

ಕೆಂಚ ಹೋದ ಮೇಲೆ ಮನೆಯಲ್ಲಿ ಮಾತೇ ನಿಂತುಹೋಗಿತ್ತು. ದುಃಖಕ್ಕೆ ಹಾಗಾಯಿತೆಂದು ಮೊದಲೆರಡು ದಿನ ಅಂದುಕೊಂಡ. ಮೂರನೆಯ ದಿನ, ಊಟದ ಹೊತ್ತಿಗೆ ವೈಜಯಂತಿ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತು, ಬಾಯಿ ತೆರೆದು, ಯಾರನ್ನೋ ಹುಡುಕುವಂತೆ ನೆಲ ನೋಡಿ, ಮತ್ತೆ ಒಳಗೆ ಹೋದಾಗ ಅವನಿಗೆ ಹೊಳೆಯಿತು: ಎಷ್ಟೋ ವರ್ಷಗಳಿಂದ ತಾವಿಬ್ಬರೂ ನೇರವಾಗಿ ಮಾತಾಡಿಕೊಂಡೇ ಇರಲಿಲ್ಲ. ಜಗಳವೇನೂ ಆಗಿರಲಿಲ್ಲ. ಅಮಿತಾ ಕಾಲೇಜು ಸೇರಿದಾಗಲೋ ಏನೋ, ಬಾವಿಯಲ್ಲಿ ನೀರು ಇಳಿದ ಹಾಗೆ ಮಾತು ಇಳಿಯುತ್ತ ಹೋಗಿತ್ತು. ಆ ಜಾಗದಲ್ಲಿ ಕೆಂಚ ಮಲಗಿದ್ದ. ಕೆಂಚಾ, ನಿಮ್ಮಪ್ಪಂಗೆ ಹೇಳು, ತಟ್ಟೆ ಹಾಕಾಯ್ತು ಅಂತ. ಕೆಂಚಾ, ನಿಮ್ಮಮ್ಮನ ಕೇಳು, ಕರೆಂಟಿನ ಬಿಲ್ಲು ಎಲ್ಲಿಟ್ಟಿದ್ದಾಳೆ ಅಂತ. ಅವನು ಅಡುಗೆಮನೆಯ ಹೊಸ್ತಿಲ ಈಚೆ ಮಲಗಿ ಕಣ್ಣನ್ನು ಮಾತ್ರ ಇವರಿಂದ ಅವರಿಗೆ ಹೊರಳಿಸುತ್ತಿದ್ದ. ಅಡುಗೆಮನೆಯೊಳಕ್ಕೆ ಅವನಿಗೆ ಪ್ರವೇಶವಿರಲಿಲ್ಲ. ವೈಜಯಂತಿಯ ಮಡಿ ಅಷ್ಟು ಗಟ್ಟಿ. ಹದಿಮೂರು ವರ್ಷದಲ್ಲಿ ಒಂದು ಸಲವೂ ಅವಳು ಕೆಂಚನನ್ನು ಮುದ್ದಿಸಿದ್ದನ್ನು ಏಕನಾಥ ನೋಡಿರಲಿಲ್ಲ. ಬೈಯುತ್ತಿದ್ದಳು. ಬೆಳಗಿನಿಂದ ಸಂಜೆಯವರೆಗೆ, ಗಂಡ ಆಫೀಸಿನಲ್ಲಿ, ಮಗಳು ಹೊರಗೆ, ನೆರೆಹೊರೆಯಲ್ಲಿ ಒಂದು ಕನ್ನಡದ ಪಿಳ್ಳೆಯೂ ಇಲ್ಲದ ಆ ಮೂರನೆಯ ಮಹಡಿಯಲ್ಲಿ, ಅವಳು ಬಾಯಿತುಂಬ ಬೈಯಲು ಇದ್ದವನು ಅವನೊಬ್ಬನೇ.

ಆಫೀಸಿನಲ್ಲಿ ಫೈಲು ಬಿಡಿಸಿದರೆ ಅಕ್ಷರಗಳು ಸುಮ್ಮನೆ ಕೂತಿದ್ದವು. ಅವನು ಸೆಕ್ಷನ್ ಆಫೀಸರ್. ಅವನ ಮೇಜಿನ ಮೇಲೆ ಹೋದ ವರ್ಷ ಬಂದ ಕಂಪ್ಯೂಟರಿತ್ತು. ಅಮಿತಾ ಹಿಂದಿನ ದಿನ ಫೋನು ಮಾಡಿದ್ದಳು. ‘ಅಪ್ಪಾ, ನೀವು ಯಾರ ಹತ್ರಾನಾದ್ರೂ ಮಾತಾಡ್ಬೇಕು ನಾ. ಸಬ್ ಅಂದರ್ ಮತ್ ರಖೋ. ಆರ್ಕುಟ್‌ನಲ್ಲಿ ಒಂದು ಕಮ್ಯುನಿಟಿ ಇದೆ, ಪೆಟ್ಸ್ ಹೋದವರದ್ದು. ನಾನೂ ಬರೆದೆ. ಇಟ್ ಹೆಲ್ಪ್ಸ್, ಸಚ್ಚೀ. ನೀವು ಅವನ ಜೊತೆ ಇದ್ರಿ, ಅಷ್ಟೇ ಮ್ಯಾಟರ್ ಆಗೋದು ಅಪ್ಪಾ.’ ಅವಳ ಕನ್ನಡ ಇಷ್ಟು ಉದ್ದ ಬಂದದ್ದೇ ಅಪರೂಪ. ಫೋನಿನಲ್ಲೇ ಹೇಳಿಕೊಟ್ಟು ಅವನಿಗೊಂದು ಖಾತೆಯನ್ನೂ ತೆರೆಸಿದ್ದಳು. ಪಕ್ಕದ ಮೇಜಿನವರು ಚಹಕ್ಕೆ ಎದ್ದುಹೋದ ಹೊತ್ತು ನೋಡಿ ಅವನು ಆ ಪುಟ ತೆರೆದ. ಪುಣೆಯ ಯಾರೋ ಹೆಂಗಸು ತನ್ನ ಬೆಕ್ಕಿನ ಬಗ್ಗೆ ಹನ್ನೊಂದು ಪ್ಯಾರಾ ಬರೆದಿದ್ದಳು. ಕೊಚ್ಚಿಯ ಹುಡುಗನೊಬ್ಬ ತನ್ನ ಮೊಲದ ಬಗ್ಗೆ ಬರೆದಿದ್ದ. ಕೆಳಗೆ ಸಾಲುಸಾಲು ಸಮಾಧಾನದ ಮಾತುಗಳು, ಊರೂರಿನ ಗುರುತಿಲ್ಲದವರದು. ಏಕನಾಥ ಕೀಬೋರ್ಡನ್ನು ಹತ್ತಿರಕ್ಕೆ ಎಳೆದುಕೊಂಡ. ತಾನೂ ಬರೆಯೋಣವೆನಿಸಿ ಎರಡು ಬೆರಳಿನಲ್ಲಿ ಇಂಗ್ಲಿಷಿನಲ್ಲಿ ಕುಟ್ಟಲು ಶುರುಮಾಡಿದ. ಬರೆದದ್ದನ್ನು ಓದಿದರೆ ಅದು ಸಚಿವಾಲಯದ ಟಿಪ್ಪಣಿಯಂತಿತ್ತು. ‘ದಿ ಸೆಡ್ ಡಾಗ್’, ಅಂದರೆ ಸದರಿ ನಾಯಿ, ಹದಿಮೂರು ವರ್ಷ ವಯಸ್ಸಿನದಾಗಿತ್ತು. ‘ದಿ ಸೆಡ್ ಡಾಗ್’ ಮೂತ್ರಪಿಂಡದ ಕಾಯಿಲೆಯಿಂದ ಬಳಲುತ್ತಿದ್ದು ದಿನಾಂಕ ಇಂಥದರಂದು ತೀರಿಕೊಂಡಿತು. ಎಲ್ಲವನ್ನೂ ಅಳಿಸಿದ. ಮತ್ತೆ ಪುಣೆಯ ಹೆಂಗಸಿನ ಬರಹಕ್ಕೆ ಹೋದ. ಕೊನೆಯ ಉಸಿರಿನವರೆಗೂ ಎತ್ತಿಕೊಂಡಿದ್ದೆ ಎಂದಿತ್ತು ಅಲ್ಲಿ. ಕೊಚ್ಚಿಯ ಹುಡುಗನೂ ಎತ್ತಿಕೊಂಡಿದ್ದ. ಅಮಿತಾ ಬರೆದದ್ದೂ ಇತ್ತು: ನಮ್ಮ ತಂದೆ ಅವನ ಜೊತೆಗಿದ್ದರು, ಅವನ ತಲೆ ಅವರ ತೊಡೆಯ ಮೇಲಿತ್ತು. ಅದರ ಕೆಳಗೆ ಹದಿನಾಲ್ಕು ಜನ ಆ ತಂದೆಯನ್ನು ಹೊಗಳಿದ್ದರು.

ಅಲ್ಲಿ ಬರೆದವರೆಲ್ಲರೂ ಕೊನೆಯವರೆಗೂ ಹಿಡಿದುಕೊಂಡಿದ್ದವರೇ. ಆಚೆ ಹೋದವನು ಒಬ್ಬನೂ ಇರಲಿಲ್ಲ, ಅಥವಾ ಆಚೆ ಹೋದವರು ಯಾರೂ ಬರೆಯುವುದಿಲ್ಲ. ಶನಿವಾರ, ನೋವು ಮುಗಿಸುವ ಕೊನೆಯ ಸೂಜಿಗೆಂದು, ಒಂದು ಟ್ರಸ್ಟಿನ ಪ್ರಾಣಿ ಆಸ್ಪತ್ರೆಯಲ್ಲಿ ಸ್ಟೀಲಿನ ಮೇಜಿನ ಮೇಲೆ ಮಲಗಿಸಿದಾಗ ಕೆಂಚ ಮೇಲೇಳಲು ಪ್ರಯತ್ನಿಸಿ, ಮುಂಗಾಲು ಜಾರಿ, ನಾಚಿದವನಂತೆ ಏಕನಾಥನ ಮುಖ ನೋಡಿದ್ದ. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು, ಮೃದುವಾಗಿ ಕೇಳಿದ್ದಳು: ಅಂಕಲ್, ನೀವು ಇರ್ತೀರಾ, ಆಚೆ ಕೂರ್ತೀರಾ? ಎರಡೂ ಸರಿಯೇ ಎಂಬಂತಿತ್ತು ಅವಳ ದನಿ. ಆಚೆ ಕೂರ್ತೀನಿ ಎಂದಿದ್ದರೆ ಸಾಕಿತ್ತು. ಅದನ್ನೂ ಹೇಳಲಾಗಲಿಲ್ಲ ಅವನಿಗೆ. ಮೇಜಿನ ಆಚೆ ಗಂಬೂಟು ತೊಟ್ಟ ಆಳು ಕೆಂಚನ ಮುಂಗಾಲಿನ ಕೂದಲು ಬೋಳಿಸುತ್ತಿದ್ದ. ಟ್ರೇಯಲ್ಲಿ ಸಿರಿಂಜು ಕಾಣಿಸಿತು. ಏಕನಾಥನ ಕೈ ತಾನಾಗಿ ಜೇಬಿಗೆ ಹೋಗಿ ಮೊಬೈಲು ಹೊರತೆಗೆಯಿತು. ರಿಂಗೇ ಆಗದ ಆ ಮೊಬೈಲನ್ನು ಕಿವಿಗಿಟ್ಟುಕೊಂಡು, ಏಕ್ ಮಿನಿಟ್, ಅರ್ಜೆಂಟ್ ಕಾಲ್ ಎಂದು ಹೇಳಿ ಬಾಗಿಲು ತಳ್ಳಿಕೊಂಡು ಹೊರಗೆ ಬಂದುಬಿಟ್ಟ. ಅಮಿತಾಳಿಗೆ ಲಸಿಕೆ ಹಾಕಿಸುವಾಗಲೂ ಹೀಗೇ. ಸೂಜಿ ಕಂಡೊಡನೆ ಚೀಟಿ ತರುವ ನೆಪದಲ್ಲಿ ಹೊರಗೆ ಹೋಗುತ್ತಿದ್ದವನು ಅವನು, ಮಗುವಿನ ಕಾಲು ಹಿಡಿದುಕೊಳ್ಳುತ್ತಿದ್ದವಳು ವೈಜಯಂತಿ. ಕಾರಿಡಾರಿನ ಬೆಂಚಿನಲ್ಲಿ ಗಿಳಿಯ ಪಂಜರ ಹಿಡಿದ ಮುದುಕನೊಬ್ಬ ಕೂತು ಅವನನ್ನೇ ನೋಡುತ್ತಿದ್ದ. ಆ ಮುದುಕನಿಗೆ ಅನುಮಾನ ಬಾರದಿರಲೆಂದು ಅವನು ಸುಮ್ಮನಿದ್ದ ಫೋನಿಗೆ ಕನ್ನಡದಲ್ಲಿ ಏನೇನೋ ಮಾತಾಡಿದ. ಎಷ್ಟು ಹೊತ್ತು, ಏನು ಎಂಬುದು ಅವನಿಗೇ ನೆನಪಿರಲಿಲ್ಲ. ಡಾಕ್ಟರು ಬಾಗಿಲು ತೆರೆದು ಹೋ ಗಯಾ ಅಂಕಲ್ ಎಂದಾಗ ಅವನು ಫೋನಿಗೆ ‘ಸರಿ, ಇಡ್ತೀನಿ’ ಎಂದು ಹೇಳಿದ್ದು ಮಾತ್ರ ನೆನಪಿತ್ತು. ಒಳಗೆ ಹೋಗಿ ಮುಚ್ಚಿದ ಬಟ್ಟೆಯ ಮೇಲೆ ಒಂದು ಸಲ ಕೈ ಇಟ್ಟ. ಹೂಳುವ ಕೆಲಸ ತಾವೇ ಮಾಡುತ್ತೇವೆಂದು ಹೇಳಿ ಅವರು ಕೊಟ್ಟ ಕಾಗದಕ್ಕೆ ಸಹಿ ಮಾಡಿ, ಕೊರಳಪಟ್ಟಿಯನ್ನು ಜೇಬಿಗಿಟ್ಟುಕೊಂಡು ಆಟೋ ಹತ್ತಿದ. ತೊಡೆಯ ಮೇಲೆ ತಲೆ ಎಂಬ ವಾಕ್ಯ ಆ ಆಟೋದಲ್ಲೇ ತಯಾರಾಯಿತು. ಬಾಗಿಲು ತೆರೆದ ವೈಜಯಂತಿ, ನೋವಾಯ್ತಾ ಅವನಿಗೆ ಎಂದು ಕೇಳಿದಾಗ ಅದನ್ನು ಅವಳ ಕೈಗೆ ಕೊಟ್ಟ. ಅವಳು ಪ್ರಸಾದ ತೆಗೆದುಕೊಳ್ಳುವ ಹಾಗೆ ತೆಗೆದುಕೊಂಡಳು.

ಮಧ್ಯಾಹ್ನ ಅವನು ಅರ್ಧ ದಿನದ ರಜೆ ಬರೆದು ಎದ್ದ. ಎಲ್ಲಿಗೆ ಹೋಗುತ್ತಿದ್ದೇನೆಂದು ಆಟೋ ಹಿಡಿಯುವವರೆಗೂ ತನಗೆ ತಾನೇ ಹೇಳಿಕೊಳ್ಳಲಿಲ್ಲ. ಸೆಪ್ಟೆಂಬರಿನ ಬಿಸಿಲು, ಮಳೆ ನಿಂತ ಮೇಲಿನ ಆ ಬೆವರುವ ಬಿಸಿಲು, ಆಸ್ಪತ್ರೆಯ ಅಂಗಳದ ಮೇಲೆ ಬಿದ್ದಿತ್ತು. ಬೆಳಗಿನ ಜನರೆಲ್ಲ ಹೋಗಿದ್ದರು. ಒಳಗೆ ಅದೇ ಕೋಣೆಯಲ್ಲಿ ಗಂಬೂಟಿನ ಆಳು ಪೈಪು ಹಿಡಿದು ನೆಲ ತೊಳೆಯುತ್ತಿದ್ದ. ಐವತ್ತರ ಆಸುಪಾಸಿನವನು, ಕುಳ್ಳ, ಬೆಟ್ಟದ ಸೀಮೆಯ ಅಗಲ ಮುಖ. ಮೇಜು ಒದ್ದೆಯಾಗಿ ಹೊಳೆಯುತ್ತಿತ್ತು. ಏಕನಾಥ ಬಾಗಿಲಲ್ಲೇ ನಿಂತ.

‘ಡಾಕ್ಟರ್ ಸಾಬ್ ಇಲ್ಲ. ನಾಳೆ ಒಂಬತ್ತಕ್ಕೆ ಬನ್ನಿ,’ ಎಂದ ಆಳು ಹಿಂದಿಯಲ್ಲಿ, ತಿರುಗಿ ನೋಡದೆಯೇ.

‘ಡಾಕ್ಟರನ್ನ ನೋಡೋಕೆ ಬಂದಿಲ್ಲ ಭಯ್ಯಾ. ನಿಮ್ಮನ್ನೇ.’

ಅವನು ಪೈಪನ್ನು ಕೆಳಗಿಟ್ಟು ನಲ್ಲಿ ನಿಲ್ಲಿಸಿ ಬಂದ. ಹೆಸರು ಗೋಪಾಲ ಎಂದ. ಏನಾದರೂ ತಕರಾರಿದೆಯೇ ಎಂಬ ಎಚ್ಚರ ಅವನ ಮುಖದಲ್ಲಿತ್ತು. ಏಕನಾಥ ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಹಿಂದಿ ಪೂರ್ತಿ ಕಲಸಿಹೋಯಿತು. ಶನಿವಾರ, ಕೆಂಪು ನಾಯಿ, ಕಿವಿ ಹರಿದದ್ದು, ವಯಸ್ಸಾಗಿತ್ತು ಎಂದು ತುಂಡುತುಂಡಾಗಿ ಹೇಳಿದ. ಗೋಪಾಲ ತಲೆಯಾಡಿಸಿದ. ಶನಿವಾರ ಬಹಳ ಬಂದಿದ್ದವು ಸಾಬ್, ದಿನಕ್ಕೆ ಎಷ್ಟೋ ಬರುತ್ತವೆ ಎಂದ. ಏಕನಾಥನಿಗೆ ಅಲ್ಲೇ ತಿರುಗಿ ಹೊರಟುಬಿಡಬೇಕೆನಿಸಿತು. ತನ್ನ ಬದುಕಿನ ಅತಿ ಕೀಳಾದ ಐದು ನಿಮಿಷಕ್ಕೆ ಸಾಕ್ಷಿಯಾಗಿದ್ದವನಿಗೆ ಅದು ನೆನಪೇ ಇಲ್ಲ! ಅದರಲ್ಲಿ ಒಂದು ಬಿಡುಗಡೆಯೂ ಇತ್ತು, ನಾಚಿಕೆ ತರುವಂಥ ಬಿಡುಗಡೆ. ಆದರೂ ಅವನು ಹೋಗಲಿಲ್ಲ. ‘ನಾನು ಒಳಗಿರಲಿಲ್ಲ,’ ಎಂದ. ಆ ಮಾತನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ‘ಮೈಂ ಬಾಹರ್ ಥಾ. ಫೋನ್ ಪೆ.’

‘ಅಚ್ಛಾ, ಅಚ್ಛಾ! ವೋ ಲಾಲ್ ವಾಲಾ,’ ಎಂದ ಗೋಪಾಲ. ಮುಖ ತಿಳಿಯಾಯಿತು. ‘ಫೋನಿನಲ್ಲಿ ಮದ್ರಾಸಿ ಮಾತಾಡ್ತಿದ್ದವರು ನೀವೇ ಅಲ್ವಾ? ನೆನಪಿದೆ ಸಾಬ್. ಕೂತ್ಕೊಳ್ಳಿ.’ ಮೂಲೆಯಲ್ಲಿದ್ದ ಸ್ಟೂಲನ್ನು ಒರೆಸಿ ಮುಂದಕ್ಕೆ ತಳ್ಳಿದ.

‘ಹೆದರಿದನಾ ಅವನು?’

‘ಇಲ್ಲ ಸಾಬ್. ಹೆದರುವ ನಾಯಿ ಕೈಯಲ್ಲೇ ಗೊತ್ತಾಗುತ್ತೆ, ಮೈಯೆಲ್ಲ ಕಲ್ಲಾಗಿಬಿಡುತ್ತೆ. ಇವನು ಬಾಗಿಲ ಕಡೆಗೇ ನೋಡ್ತಾ ಇದ್ದ. ನಿಮ್ಮ ದನಿ ಕೇಳ್ತಾ ಇತ್ತಲ್ಲ, ಕಿವಿ ಹಾಗೇ ನಿಂತಿತ್ತು, ಆ ಹರಿದ ಕಿವಿ. ನೀವು ಯಾರನ್ನೋ ಕರೀತಾ ಇದ್ರಿ. ಬಂದೇ, ಬಂದೇ ಅಂತ. ನೀವು ಬಂದೇ ಅಂದಾಗೆಲ್ಲ ಇವನು ಬಾಲ ಬಡೀತಿದ್ದ, ಮೇಜಿಗೆ, ಟಪ್ ಟಪ್ ಅಂತ. ಅದಕ್ಕೇ ನೆನಪುಳೀತು. ಡಾಕ್ಟರ್ ಮೇಡಮ್ಮೂ ನಕ್ಕರು. ಆಮೇಲೆ ಮಲಗಿಬಿಟ್ಟ.’

ಏಕನಾಥನಿಗೆ ಆಗ ನೆನಪಾಯಿತು. ಗಿಳಿಯ ಪಂಜರದ ಮುದುಕನಿಗಾಗಿ ತಾನು ಆಡಿದ ಮಾತು, ಐದು ದಿನದಿಂದ ಎಷ್ಟು ತಡಕಿದರೂ ಸಿಗದಿದ್ದ ಮಾತು, ಈ ಬೆಟ್ಟದವನ ಬಾಯಿಂದ ಅರ್ಥವಿಲ್ಲದ ಎರಡು ಅಕ್ಷರವಾಗಿ ಹೊರಬಂದು ನಿಂತಿತು. ಹ್ಞಾ, ಇಲ್ಲೇ ಇದೀನಿ, ಬಂದೆ, ಎರಡು ನಿಮಿಷ, ಬಂದೆ. ಆಫೀಸಿನಿಂದ ಬಂದು ಮೂರು ಮಹಡಿಯ ಮೆಟ್ಟಿಲು ಹತ್ತುವಾಗ, ಮೊದಲನೆಯ ತಿರುವಿನಲ್ಲೇ ತನ್ನ ಕಾಲಸಪ್ಪಳ ಗುರುತಿಸಿ ಬಾಗಿಲ ಹಿಂದೆ ಕುಣಿಯುತ್ತಿದ್ದವನಿಗೆ ಕೇಳಲೆಂದು ಅವನು ಪ್ರತಿ ಸಂಜೆ ಕೂಗುತ್ತಿದ್ದ ಮಾತೂ ಅದೇ. ಬಂದೆ ಕಣೋ, ಬಂದೆ. ಹದಿಮೂರು ವರ್ಷದಲ್ಲಿ ಆ ಮಾತು ಹೇಳಿದ ಮೇಲೆ ಬಾಗಿಲು ತೆರೆಯದೇ ಇದ್ದದ್ದಿಲ್ಲ. ಕೆಂಚ ಹೆದರಿರಲಿಲ್ಲ. ಕಾಯುತ್ತಿದ್ದ. ಹೆದರಿ ಒದ್ದಾಡಿ ಹೋಗಿದ್ದನೆಂದು ಕೇಳಿದ್ದರೆ ಅದಕ್ಕೊಂದು ಶಿಕ್ಷೆ ಇರುತ್ತಿತ್ತು, ಅನುಭವಿಸಬಹುದಿತ್ತು. ಈ ಬಾಲ ಬಡಿದದ್ದನ್ನು ಏನು ಮಾಡುವುದು? ಇದು ಸಮಾಧಾನವೋ ಅಲ್ಲವೋ ಅವನಿಗೆ ತಿಳಿಯಲಿಲ್ಲ. ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡ. ಪರಸ್ಥಳದಲ್ಲಿ, ಪರಿಚಯವಿಲ್ಲದವನೆದುರು, ಐವತ್ತಮೂರು ವರ್ಷದ ಕೇಂದ್ರ ಸರ್ಕಾರದ ನೌಕರ, ಪೆನ್ನು ಸಿಕ್ಕಿಸಿದ್ದ ಜೇಬು ನಡುಗುವ ಹಾಗೆ ಅತ್ತ.

ಗೋಪಾಲ ತಡೆಯಲಿಲ್ಲ. ಒಂದು ಸ್ಟೀಲ್ ಲೋಟದಲ್ಲಿ ನೀರು ತಂದು ಪಕ್ಕದಲ್ಲಿಟ್ಟ. ‘ಬಹಳ ಜನ ಆಚೆ ಹೋಗ್ತಾರೆ ಸಾಬ್. ಗಂಡಸರೇ ಹೆಚ್ಚು,’ ಎಂದ. ‘ವಾಪಸ್ ಬಂದು ಕೇಳೋರು ಇಲ್ಲ. ಒಬ್ಬರು ಅಜ್ಜಿ ಬಂದಿದ್ದರು, ಎರಡು ವರ್ಷ ಆಯ್ತು. ಆಮೇಲೆ ನೀವೇ.’ ಅವನ ದನಿಯಲ್ಲಿ ಕನಿಕರವೂ ಇರಲಿಲ್ಲ, ಹೊಗಳಿಕೆಯೂ ಇರಲಿಲ್ಲ. ತನ್ನ ಕೆಲಸದ ಬಗ್ಗೆ ಹೇಳುವವನಂತೆ ಹೇಳಿದ. ‘ನಾನು ಸುಮ್ಮನಿರೋದಿಲ್ಲ. ಬಸ್ ಬೇಟಾ, ಬಸ್ ಬೇಟಾ, ಆಯ್ತು ಮಗಾ ಆಯ್ತು ಅಂತಾ ಇರ್ತೀನಿ. ತಲೆ ಹಿಡ್ಕೊಂಡಿದ್ದೆ. ಕೆಳಗೆ ಬೀಳಿಸಲಿಲ್ಲ.’ ಎಲ್ಲರಿಗೂ ಹೀಗೇ ಹೇಳುತ್ತಾನೋ ಎಂದು ಏಕನಾಥನಿಗೆ ಒಂದು ಕ್ಷಣ ಅನ್ನಿಸಿತು. ಆದರೆ ಬಂದೆ ಎಂಬ ಮಾತನ್ನು ಅವನು ಹುಟ್ಟಿಸಿ ಹೇಳಲು ಸಾಧ್ಯವಿರಲಿಲ್ಲ. ಏಕನಾಥ ನೀರು ಕುಡಿದ. ಎದ್ದು ನಿಂತು, ಏನು ಹೇಳಬೇಕೆಂದು ತೋಚದೆ, ಗೋಪಾಲನ ಒದ್ದೆ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡ. ಅಂಗೈ ಒರಟಾಗಿತ್ತು. ಹೆಬ್ಬೆರಳ ಬುಡದಲ್ಲಿ ಯಾವುದೋ ಪ್ರಾಣಿ ಕಚ್ಚಿದ ಹಳೆಯ ಗಾಯದ ಕಲೆ ಇತ್ತು. ಕೊನೆಗೆ ಕೆಂಚನ ತಲೆ ಇದ್ದದ್ದು ಈ ಕೈಯಲ್ಲಿ.

ನಾಲ್ಕು ಗಂಟೆಗೆ ಮನೆಗೆ ಬಂದಾಗ ವೈಜಯಂತಿ ಬಾಲ್ಕನಿಯಲ್ಲಿ ಬಟ್ಟೆ ತೆಗೆಯುತ್ತಿದ್ದಳು. ಕೀಲಿ ತಿರುಗಿದ ಸದ್ದಿಗೆ ತಿರುಗಿ, ಹೊತ್ತಲ್ಲದ ಹೊತ್ತಿನಲ್ಲಿ ಅವನನ್ನು ಕಂಡು ಗಾಬರಿಯಾದಳು. ‘ಏನಾಯ್ತು ರೀ? ಇಷ್ಟು ಬೇಗ? ಹುಷಾರಿಲ್ವಾ?’ ಮಾತು ನೇರವಾಗಿ ಅವನಿಗೇ ಬಂತು. ಅವನು ಬೂಟು ಬಿಚ್ಚಲಿಲ್ಲ. ಊಟದ ಮೇಜಿನ ಕುರ್ಚಿ ಎಳೆದು ಕೂತ. ಅವಳು ಬಟ್ಟೆಯ ರಾಶಿಯನ್ನು ಎದೆಗವಚಿಕೊಂಡೇ ಎದುರಿಗೆ ಬಂದು ನಿಂತಳು. ಹೇಗೆ ಶುರುಮಾಡುವುದು? ಹೇಳಿದರೆ ಅವಳ ಕೈಯಲ್ಲಿರುವುದನ್ನು ಕಿತ್ತುಕೊಂಡ ಹಾಗೆ. ಐದು ದಿನದಿಂದ ಅವಳು ಅದರ ಮೇಲೇ ಒರಗಿಕೊಂಡಿದ್ದಾಳೆ, ಅದನ್ನು ಹೇಳುತ್ತ ಹೇಳುತ್ತಲೇ ಅಡುಗೆ ಮಾಡಿದ್ದಾಳೆ, ನಿದ್ದೆ ಮಾಡಿದ್ದಾಳೆ. ಹೇಳದಿದ್ದರೆ ತಾವು ಉಳಿದ ಆಯಸ್ಸನ್ನೆಲ್ಲ ಇಲ್ಲದ ಒಂದು ತೊಡೆಯ ಸುತ್ತ ಕಳೆಯಬೇಕು.

‘ವೈಜೂ,’ ಎಂದ. ಆ ಹೆಸರು ಅವನ ಬಾಯಲ್ಲಿ ಬಂದು ಎಷ್ಟು ಕಾಲವಾಗಿತ್ತೋ. ‘ನಾನು ಒಳಗಿರಲಿಲ್ಲ. ಅವನ ತಲೆ ನನ್ನ ತೊಡೆ ಮೇಲಿರಲಿಲ್ಲ. ನಾನು ಆಚೆ ಹೋಗಿದ್ದೆ. ಫೋನು ಬಂತು ಅಂತ ಸುಳ್ಳು ಹೇಳಿ ಆಚೆ ಹೋದೆ. ಫೋನೂ ಬಂದಿರಲಿಲ್ಲ.’

ಅವಳು ಕೂರಲಿಲ್ಲ. ಬಟ್ಟೆಯ ರಾಶಿಯಿಂದ ಒಂದು ಬನಿಯನ್ ಜಾರಿ ಕೆಳಗೆ ಬಿತ್ತು. ಅದನ್ನು ಎತ್ತಿಕೊಳ್ಳಲಿಲ್ಲ. ಕೆಳಗಡೆ ಸೊಸೈಟಿಯ ಮಕ್ಕಳು ಕ್ರಿಕೆಟ್ಟಿಗೆ ವಿಕೆಟ್ಟು ನೆಡುತ್ತ ಹಿಂದಿಯಲ್ಲಿ ಜಗಳವಾಡುತ್ತಿದ್ದದ್ದು ಕೇಳುತ್ತಿತ್ತು. ಅವಳು ಅಳುತ್ತಾಳೆ ಎಂದುಕೊಂಡಿದ್ದ. ಅವಳ ಮುಖದಲ್ಲಿ ಬಂದದ್ದು ಸಿಟ್ಟು.

‘ಅವತ್ತು ನಾನು ಸೀರೆ ಬದಲಾಯಿಸಿ, ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದೆ,’ ಎಂದಳು. ‘ನೀನ್ಯಾಕೆ, ನಿನ್ನ ಕೈಲಿ ಆಗಲ್ಲ, ಮನೇಲೇ ಇರು ಅಂದ್ರಿ. ನೆನಪಿದೆಯಾ?’

ನೆನಪಿರಲಿಲ್ಲ. ಕೆಂಚನನ್ನು ಚಾದರದಲ್ಲಿ ಎತ್ತಿಕೊಂಡು ಹೊರಡುವ ಗಡಿಬಿಡಿಯಲ್ಲಿ ಅವಳು ಏನುಟ್ಟಿದ್ದಳು, ಕಾಲಲ್ಲಿ ಏನಿತ್ತು ಎಂಬುದನ್ನು ಅವನು ನೋಡಿಯೇ ಇರಲಿಲ್ಲ.

‘ನನ್ನ ಕೈಲಿ ಆಗ್ತಿತ್ತು ರೀ. ನಾನು ಹಿಡ್ಕೊಂಡಿರ್ತಿದ್ದೆ. ಅಷ್ಟು ವರ್ಷ ಮುಟ್ಟಲಿಲ್ಲ, ಕೊನೇಗಾದರೂ ಮುಟ್ಟೋಣ ಅಂತಲೇ ಹೊರಟಿದ್ದೆ. ನೀವು ಕೇಳಲೇ ಇಲ್ಲ ನನ್ನನ್ನ.’ ದನಿ ಒಡೆಯಿತು. ‘ನಾನು ಬಾಗಿಲು ಹಾಕ್ಕೊಂಡು ಚಪ್ಪಲಿ ಬಿಟ್ಟು ಇಲ್ಲೇ ನಿಂತಿದ್ದೆ, ನೀವು ವಾಪಸ್ ಬರೋವರೆಗೂ.’

ಕ್ಷಮಿಸು ಎಂಬ ಮಾತು ಏಕನಾಥನ ಬಾಯಿಗೆ ಬಂತು. ಅದು ಆಫೀಸಿನ ಮಾತಿನಂತೆ ಕೇಳೀತೆನಿಸಿ ನುಂಗಿಕೊಂಡ. ಇವತ್ತು ಮಧ್ಯಾಹ್ನ ಎಲ್ಲಿಗೆ ಹೋಗಿದ್ದೆನೆಂದು ಹೇಳಿದ. ಗೋಪಾಲನೆಂಬವನ ಬಗ್ಗೆ, ಅವನ ಕೈಯ ಬಗ್ಗೆ, ಹರಿದ ಕಿವಿ ಬಾಗಿಲ ಕಡೆಗೆ ನಿಂತದ್ದರ ಬಗ್ಗೆ ಹೇಳಿದ. ಬಾಲ ಬಡಿದದ್ದನ್ನು ಹೇಳುವಾಗ ಮಾತು ಎರಡು ಸಲ ನಿಂತಿತು. ಅವಳು ಕುರ್ಚಿ ಎಳೆದು ಕೂತಳು, ಬಟ್ಟೆ ಇನ್ನೂ ಮಡಿಲಲ್ಲಿತ್ತು. ಅಳು ಬಂತು ಅವಳಿಗೆ. ಐದು ದಿನದಲ್ಲಿ ಅವನೆದುರು ಅದೇ ಮೊದಲು. ಮುಖ ಮುಚ್ಚಿಕೊಳ್ಳದೆ, ಸದ್ದು ಮಾಡದೆ, ಅವನನ್ನೇ ನೋಡುತ್ತ ಅತ್ತಳು. ಅವನು ಕೈ ಚಾಚಲಿಲ್ಲ. ಚಾಚುವ ಹಕ್ಕು ಇನ್ನೂ ಬಂದಿಲ್ಲವೆನಿಸಿತು. ಇಬ್ಬರ ನಡುವೆ ಮೇಜಿತ್ತು, ಉಪ್ಪಿನ ಡಬ್ಬಿಯಿತ್ತು, ಅವಳು ಬೆಳಿಗ್ಗೆ ತೊಳೆದಿಟ್ಟ ಬೆಂಡೆಕಾಯಿಯ ಬೋಗುಣಿಯಿತ್ತು.

ಕೊನೆಗೆ ಅವಳು ಸೆರಗಿನಿಂದ ಕಣ್ಣು ಮೂಗು ಒರೆಸಿಕೊಂಡಳು.

‘ಮೊದಲಿಂದ ಹೇಳಿ,’ ಎಂದಳು.

‘ಹೇಳಿದೆನಲ್ಲ.’

‘ಹಾಗಲ್ಲ. ಇಲ್ಲಿಂದ ಹೊರಟಲ್ಲಿಂದ ಹೇಳಿ. ಮೆಟ್ಟಿಲು ಇಳಿದಾಗ, ಆಟೋ ಹತ್ತಿದಾಗ. ಅವನು ಏನು ಮಾಡಿದ, ನೀವು ಏನು ಮಾಡಿದಿರಿ. ಏನೂ ಬಿಡಬೇಡಿ. ನಿಮಗೆ ಚೆನ್ನಾಗಿ ಕಾಣಲಿ ಅಂತ ಏನೂ ಸೇರಿಸಲೂ ಬೇಡಿ.’

ಏಕನಾಥ ತಲೆಯಾಡಿಸಿದ. ಬಗ್ಗಿ ಬೂಟು ಬಿಚ್ಚಿ ಮೇಜಿನ ಕೆಳಗೆ ಸರಿಸಿದ.

‘ಮೊದಲು ನಿಲ್ಲಿಸಿದ ಆಟೋದವನು ನಾಯಿ ನೋಡಿ ಬರೋದಿಲ್ಲ ಅಂದ,’ ಎಂದು ಶುರುಮಾಡಿದ. ‘ಎರಡನೆಯವನು ಸರ್ದಾರ್ಜಿ, ವಯಸ್ಸಾದವರು. ತಾವೇ ಇಳಿದು ಬಂದು ಚಾದರದ ಇನ್ನೊಂದು ತುದಿ ಹಿಡಿದರು.’